ರಕ್ತಾರ್ಬುದ ಶಬ್ದವೂ ಮಜ್ಜಾಚಿಕಿತ್ಸೆಯ ಇತಿಹಾಸವೂ

ಕ್ಯಾನ್ಸರು ಎಂಬ ವ್ಯಾಧಿಗೆ 'ಅರ್ಬುದ'ವೆಂಬ ಸಂಸ್ಕೃತ ಶಬ್ದವು ನಮ್ಮಲ್ಲಿ ರೂಢವಾಗಿರುವುದು ಸರಿಯಷ್ಟೆ. ಅದನ್ನನುಸರಿಸಿ ರಕ್ತದ ಕ್ಯಾನ್ಸರನ್ನು 'ರಕ್ತಾರ್ಬುದ'ವೆಂದು ಕರೆಯುವುದೂ ಉಂಟು. ಈ ಹೆಸರಿನಿಂದ ಒಂದು ಭ್ರಾಂತಿ ಹುಟ್ಟಿಕೊಂಡಿದೆ. ಕಮಲಾಪುರದ ನಮ್ಮ ಬಂಧುಗಳೊಬ್ಬರಿಗೆ ಮಜ್ಜೆಯಲ್ಲಿ ಹುಟ್ಟುವ ಮೈಲೋಮವೆಂಬ ಕ್ಯಾನ್ಸರಿರುವುದು ಕಲಬುರಗಿಯಲ್ಲಿ ಗೊತ್ತಾಯಿತು. ಕಾಂಡಕೋಶಗಳ ಕಸಿಯಾಗಬೇಕು, ಅದಕ್ಕೆ ಬೆಂಗಳೂರಿಗೆ ಹೋಗಬೇಕು ಎಂದು ವೈದ್ಯರು ಹೇಳಿದರು. ರಕ್ತಾರ್ಬುದಕ್ಕೆ ಸುಶ್ರುತನಲ್ಲಿಯೇ ಔಷಧವಿರುವಾಗ ೬೦೦ ಕಿಲೋಮೀಟರು ದೂರ ಹೋಗುವುದೇಕೆಂದು ಕೆಲವು ಹಿತೈಷಿಗಳು ತಡೆದರು. ಗ್ರಂಥವನ್ನು ನೋಡಿ ಹೇಳಬೇಕೆಂಬ ಭಾರ ನನ್ನ ಮೇಲೆ ಬಂದಿತು. ಹಾಗೆ ನೋಡಿದುದನ್ನು ವಿದ್ವಾಂಸರ ಮುಂದಿಡುತ್ತೇನೆ.

ಸುಶ್ರುತಸಂಹಿತೆಯ ನಿದಾನಸ್ಥಾನದ ೧೧ನೆಯ ಅಧ್ಯಾಯದಲ್ಲಿ ಅರ್ಬುದದ ಲಕ್ಷಣವಿದೆ: ದುಂಡಗೆ, ಸ್ಥಿರವಾಗಿ, ಆಳವಾದ ಬೇರುಳ್ಳದ್ದಾಗಿ, ನಿಧಾನವಾಗಿ ಬೆಳೆದು, ಪಕ್ವವಾಗದೆ ಇರುವ ಗಂಟು. ಅಲ್ಲಿನ ರಕ್ತಾರ್ಬುದವಾದರೋ ಮಾಂಸಾಂಕುರಗಳಿಂದ ಕೂಡಿ ಸದಾ ರಕ್ತವನ್ನು ಸ್ರವಿಸುವ ಪಿಂಡ. ಮೈಯೆಲ್ಲ ಹರಿಯುವ ರಕ್ತವೇ ಕೆಡುವ ಇಂದಿನ ರೋಗವು ಅದಲ್ಲ. ಹೆಸರು ಒಂದು, ವಸ್ತು ಬೇರೆ. ಅಷ್ಟೇ ಅಲ್ಲ, ಸುಶ್ರುತನು ತನ್ನ ರಕ್ತಾರ್ಬುದವನ್ನು ಅಸಾಧ್ಯವೆಂದೇ ಎಣಿಸಿದ್ದಾನೆ. ಆದಕಾರಣ ಅವನ ಹೆಸರಿನಲ್ಲಿ ಅದಕ್ಕೆ ಔಷಧವನ್ನು ಮಾರುವವರು ಅವನ ಗ್ರಂಥವನ್ನು ಓದಿದವರಲ್ಲ.

ಮಜ್ಜೆಯ ವಿಚಾರವು ಇದಕ್ಕಿಂತ ಸ್ವಾರಸ್ಯವಾದುದು. ಸ್ಥೂಲವಾದ ಎಲುಬುಗಳೊಳಗೆ ಮಜ್ಜೆಯೂ ಉಳಿದವುಗಳಲ್ಲಿ ರಕ್ತಮಿಶ್ರವಾದ ಮೇದಸ್ಸೂ ಇರುವುದೆಂದು ಶಾರೀರಸ್ಥಾನದಲ್ಲಿ ಹೇಳಿದೆ. ಪ್ರಾಯದವರಲ್ಲಿ ಕೆಂಪು ಮಜ್ಜೆಯು ಹೆಚ್ಚಾಗಿ ಸೊಂಟದೆಲುಬು, ಎದೆಯೆಲುಬು ಮುಂತಾದುವುಗಳಲ್ಲಿಯೇ ಇರುವುದೆಂದು ಇಂದಿನ ಶಾಸ್ತ್ರವೂ ಹೇಳುತ್ತದೆ. ಪ್ರಾಚೀನರು ಕಂಡದ್ದು ನಿಜ. ಆದರೆ ರಕ್ತವು ಅಲ್ಲಿಯೇ ಹುಟ್ಟುವುದೆಂದು ಅವರು ಊಹಿಸಲಿಲ್ಲ. ರಸಧಾತುವು ಯಕೃತ್ ಪ್ಲೀಹಗಳಲ್ಲಿ ಕೆಂಪೇರಿ ರಕ್ತವಾಗುವುದೆಂದರು. ಗರ್ಭಸ್ಥ ಶಿಶುವಿನ ಮಟ್ಟಿಗೆ ಆ ಮಾತು ಹೊಂದುತ್ತದೆ, ಬೆಳೆದವರಿಗೆ ಹೊಂದದು. ನಮ್ಮ ಮಳಖೇಡದ ಅಮೋಘವರ್ಷ ನೃಪತುಂಗನ ಸಭೆಯೊಡನೆ ಸಂಬಂಧವುಳ್ಳ ಉಗ್ರಾದಿತ್ಯಾಚಾರ್ಯನ 'ಕಲ್ಯಾಣಕಾರಕ'ವನ್ನು ಕೆಲವರು ಅಭಿಮಾನದಿಂದ ಎತ್ತಿ ಹೇಳುವರು. ಮದ್ಯ ಮಾಂಸ ಮಧುಗಳನ್ನು ವರ್ಜಿಸಿ ಚಿಕಿತ್ಸೆಯನ್ನು ನಿರೂಪಿಸಿರುವುದು ಆ ಗ್ರಂಥದ ವೈಶಿಷ್ಟ್ಯ. ಅದರ ಮೇಲೆ ಇಲ್ಲದ ಹೊರೆಯನ್ನು ಹೊರಿಸಬೇಕಾಗಿಲ್ಲ.

ಮಜ್ಜೆಯೇ ರಕ್ತದ ಆಕರವೆಂಬುದನ್ನು ೧೮೬೮ರಲ್ಲಿ ಜರ್ಮನಿಯ ನಾಯ್ಮನ್, ಇಟಲಿಯ ಬಿತ್ಸೊತ್ಸೆರೊ ಎಂಬವರು ಪ್ರತಿಪಾದಿಸಿದರು. ೧೯೪೫ರಲ್ಲಿ ಹಿರೋಶಿಮಾದ ಬಾಂಬಿನ ಕಿರಣಗಳಿಂದ ಮಜ್ಜೆ ನಾಶವಾಗಿ ಜನರು ಸತ್ತ ಮೇಲೆ ಮಜ್ಜೆಯನ್ನು ಪುನಃ ತುಂಬುವ ಯೋಚನೆಗೆ ಬಲ ಬಂದಿತು. ಅಮೆರಿಕದ ಡೊನಾಲ್ ಥಾಮಸ್ ೧೯೫೭ರಲ್ಲಿ ಪ್ರಕಟಿಸಿದ ಆರು ರೋಗಿಗಳ ವೃತ್ತಾಂತದಲ್ಲಿ ಒಬ್ಬರೂ ನೂರು ದಿನಗಳಾಚೆಗೆ ಬದುಕಲಿಲ್ಲ. ಆತನು ಬಿಡಲಿಲ್ಲ, ೧೯೯೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ನಡುವೆ ೧೯೫೮ರಲ್ಲಿ ಫ್ರಾನ್ಸಿನ ದೊಸೆ ಎಂಬಾತನು ಒಬ್ಬರ ಕೋಶಗಳು ಮತ್ತೊಬ್ಬರಿಗೆ ಒಗ್ಗುವವೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ಗುರುತುಗಳಿಗೆ ದಾರಿ ತೋರಿಸಿದ್ದನು. ಒಡಹುಟ್ಟಿದವರೊಬ್ಬರು ಪೂರ್ಣವಾಗಿ ಒಗ್ಗುವ ಸಂಭವ ನಾಲ್ಕರಲ್ಲಿ ಒಂದು. ೧೯೮೩ರ ಮಾರ್ಚಿಯಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ಡಾಕ್ಟರ್ ಸುರೇಶ ಅಡ್ವಾಣಿಯವರು ಒಂಬತ್ತು ವರ್ಷದ ಬಾಲಿಕೆಗೆ ಅವಳ ಸಹೋದರನ ಮಜ್ಜೆಯನ್ನು ಕೊಟ್ಟದ್ದೇ ಭರತಖಂಡದಲ್ಲಿ ಮೊದಲನೆಯದು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೆ ಕಲಬುರಗಿಯಲ್ಲಿ ಶಾಖೆಯುಂಟು. ಮಜ್ಜಾರೋಪಣದ ವಿಭಾಗವಿರುವುದು ಬೆಂಗಳೂರಿನಲ್ಲಿ.

'ಕಸಿ' ಎಂಬ ಮಾತೂ ಕಿವಿಗೆ ಭಯವನ್ನುಂಟುಮಾಡುತ್ತದೆ. ಎಲುಬನ್ನು ಸೀಳುವರೇ ಎಂದು ನಮ್ಮ ಬಂಧುಗಳು ಕೇಳಿದರು. ಮೈಲೋಮದಲ್ಲಿ ಸಾಮಾನ್ಯವಾಗಿ ರೋಗಿಯದೇ ಕೋಶಗಳನ್ನು ಉಪಯೋಗಿಸುವರು. ಕೆಲವು ದಿನ ಸೂಜಿಮದ್ದು ಕೊಟ್ಟು ಮಜ್ಜೆಯ ಕೋಶಗಳನ್ನು ರಕ್ತಕ್ಕೆ ಇಳಿಸಿ, ಯಂತ್ರದಿಂದ ಬೇರ್ಪಡಿಸಿ ಶೀತದಲ್ಲಿ ಕಾಪಾಡುವರು. ತರುವಾಯ ಮೆಲ್ಫಲಾನ್ ಎಂಬ ಉಗ್ರೌಷಧವನ್ನು ದೊಡ್ಡ ಪ್ರಮಾಣದಲ್ಲಿ ಕೊಡುವರು. ರೋಗದೊಡನೆ ಮಜ್ಜೆಯೂ ಸುಡುತ್ತದೆ. ಕಾಪಾಡಿದ ಕೋಶಗಳನ್ನು ಆಮೇಲೆ ರಕ್ತ ಕೊಡುವಂತೆಯೇ ನಾಳದಲ್ಲಿ ಬಿಡುವರು. ಅವು ತಾವಾಗಿಯೇ ಎಲುಬನ್ನು ಸೇರುತ್ತವೆ. ರೋಗವನ್ನು ಕೊಲ್ಲುವುದು ಔಷಧ, ರೋಗಿಯನ್ನು ಉಳಿಸುವುದು ಕೋಶ. ಕಮಲಾಪುರದಲ್ಲಿ ಕೆಂಪು ಬಾಳೆಯನ್ನು ಬೆಳೆಯುವವರಿಗೆ ಇದನ್ನು ತಿಳಿಸುವುದು ಕಷ್ಟವಾಗಲಿಲ್ಲ. ಬಾಳೆಗೆ ಬೀಜವಿಲ್ಲ, ರೋಗ ತಗುಲಿದ ತೋಟವನ್ನು ಕಿತ್ತು ಹಾಕುವ ಮುನ್ನ ಒಳ್ಳೆಯ ಕಂದುಗಳನ್ನು ತೆಗೆದಿಟ್ಟು, ನೆಲ ಹಸನಾದ ಮೇಲೆ ನೆಡುವಂತೆ ಎಂದೆ. ಅವರು ಹೊರಟರು. ಹೊಸ ರಕ್ತ ಹುಟ್ಟಲು ಎರಡು ವಾರಗಳಷ್ಟು ಕಾಲ ಬೇಕು. ಆ ಅವಧಿಯಲ್ಲಿ ಬಾಯಿಹುಣ್ಣು, ಜ್ವರ, ಏಕಾಂತವಾಸ, ಕೂದಲುದುರುವಿಕೆ ಎಲ್ಲವನ್ನೂ ಅನುಭವಿಸಿಯೇ ತೀರಬೇಕು.

ಇಷ್ಟಾದರೂ ಮೈಲೋಮವು ನಿಶ್ಶೇಷವಾಗಿ ಹೋಗುವುದು ವಿರಳ. ವರ್ಷಗಳ ಉಪಶಮನವೇ ಸಾಮಾನ್ಯವಾದ ಫಲ. ಶೇಷದೋಷವುಳ್ಳ ಅರ್ಬುದವು ಬೇಗನೆ ಮರಳುವುದೆಂಬ ಸುಶ್ರುತನ ಚಿಕಿತ್ಸಾಸ್ಥಾನದ ಮಾತು ಇಲ್ಲಿ ಸ್ಮರಣಾರ್ಹ. ಲಕ್ಷ ಕೋಶಗಳಲ್ಲಿ ಒಂದು ಉಳಿದರೂ ಹುಡುಕುವ ಪರೀಕ್ಷೆಗಳು ಈಗ ಇವೆ. ಇನ್ನು ಶಬ್ದದ ವಿಚಾರ. 'ರಕ್ತಾರ್ಬುದ'ವನ್ನು ಸುಶ್ರುತನಿಗೇ ಬಿಟ್ಟು, ನಮ್ಮ ಪಾಠಪುಸ್ತಕಗಳಲ್ಲಿಯೂ ಕೋಶಗಳಲ್ಲಿಯೂ 'ರಕ್ತದ ಕ್ಯಾನ್ಸರು' ಎಂದೇ ಬರೆಯುವುದು ಯುಕ್ತ. 'ಕಸಿ'ಗೆ ಬದಲಾಗಿ 'ಮರುನಾಟಿ' ಎಂಬುದನ್ನು ಪರಿಶೀಲಿಸಬೇಕಾಗಿ ವಿದ್ವಾಂಸರಲ್ಲಿ ವಿಜ್ಞಾಪನೆ.