ಕೊಕ್ಕೊ ಕಲಿಸಿದ ಮಾರ್ಕೆಟಿಂಗ್ ಪಾಠ

ಆನ್‌ಲೈನ್ ವ್ಯಾಪಾರ ಶುರು ಮಾಡುವವರಿಗೆ ಮಾರ್ಕೆಟಿಂಗ್ ಕಲಿಸುವ ಪುಸ್ತಕಗಳು ರಾಶಿ ರಾಶಿ ಇವೆ. ತೆರೆದು ನೋಡಿದರೆ ಉದಾಹರಣೆಗಳೆಲ್ಲ ಅಮೆರಿಕದ್ದೇ. ನಮ್ಮ ಪುತ್ತೂರು ಸೀಮೆಯವರು ಅಷ್ಟು ದೂರ ಹೋಗಬೇಕಾಗಿಲ್ಲ ಅಂತ ನನ್ನ ವಾದ. ಆ ಪುಸ್ತಕಗಳಲ್ಲಿರುವ ಮುಖ್ಯ ಪಾಠಗಳನ್ನೆಲ್ಲ ನಮ್ಮ ಅಜ್ಜಂದಿರು ಅಡಿಕೆ ತೋಟದಲ್ಲೇ ಕಲಿತಿದ್ದಾರೆ, ಅದೂ ಸಾಕಷ್ಟು ಪೆಟ್ಟು ತಿಂದು!

ಇದನ್ನು ಈಗ ಬರೆಯಲು ಕಾರಣ ಉಂಟು. ನಮ್ಮ ಈಶ್ವರಮಂಗಲದ ಸುತ್ತಮುತ್ತ ಈಗ ಹಲಸಿನ ಹಪ್ಪಳ, ಮಾಂಬಳ, ಜೇನು, ಕಾಳುಮೆಣಸು, ಪುನರ್ಪುಳಿ ಸಿರಪ್ ಅಂತ ಏನಾದರೊಂದು ಪ್ಯಾಕ್ ಮಾಡಿ ಮಾರುವ ಮನೆಗಳು ಹೆಚ್ಚುತ್ತಿವೆ. ಊರಿಗೆ ಹೋದಾಗೆಲ್ಲ ನೆಂಟರದ್ದು ಒಂದೇ ಮಾತು, "ನೀನು ಸಾಫ್ಟ್‌ವೇರಿನವ ಅಲ್ವಾ, ನಮಗೊಂದು ವೆಬ್‌ಸೈಟ್ ಮಾಡಿ ಕೊಡು ಮಾರಾಯ." ವೆಬ್‌ಸೈಟ್ ಎರಡು ಸಂಜೆಯ ಕೆಲಸ. ಆದರೆ ಅಂಗಡಿ ತೆರೆದ ಮಾತ್ರಕ್ಕೆ ವ್ಯಾಪಾರ ಆಗುವುದಿಲ್ಲವಲ್ಲ? ನಮ್ಮ ಚಿಕ್ಕಮ್ಮ ಕೇಳಿದ ಪ್ರಶ್ನೆ ಇನ್ನೂ ನೇರ: "ದೊಡ್ಡ ಸೈಟಿನವರೇ ಮಾರಿ ಕೊಡುತ್ತಾರಂತೆ. ಹಪ್ಪಳ ಎಲ್ಲ ಅವರಿಗೇ ಕೊಟ್ಟರೆ ಆಗದಾ?"

ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಐವತ್ತು ವರ್ಷ ಹಿಂದೆ ಹೋಗಬೇಕು.

1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾಗಿದ್ದರು. ನಮ್ಮ ಚಾಲಿ ಅಡಿಕೆ ತಿನ್ನುವವರು ಗುಜರಾತ್ ಕಡೆ, ಉತ್ತರ ಭಾರತದಲ್ಲಿ. ಬೆಳೆಯುವವರು ಇಲ್ಲಿ. ಅಲ್ಲಿ ಏನು ಬೆಲೆ ನಡೆಯುತ್ತಿದೆ ಅಂತ ಇಲ್ಲಿಯವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ, ವ್ಯಾಪಾರಿ ಹೇಳಿದ್ದೇ ಧಾರಣೆ. ಆಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರ ಸಹಕಾರಿ ಸಂಸ್ಥೆ ಅದು. ಗಾಳಿಮುಖ ದಾಟಿದರೆ ಕೇರಳ ಎನ್ನುವ ನಮ್ಮಂಥ ಊರಿನವರಿಗೆ ಇದು ಬಹಳ ಸಹಜ. ಗಡಿ ನಕ್ಷೆಯಲ್ಲಿ ಉಂಟು, ತೋಟಕ್ಕೆ ಗಡಿ ಎಲ್ಲಿಯದು?

ಕ್ಯಾಂಪ್ಕೊ ಮಾಡಿದ್ದು ಅಡಿಕೆ ಖರೀದಿ ಮಾತ್ರ ಅಲ್ಲ. ಹೊಸತು, ಹಳತು, ಪಟೋರ, ಕೋಕ, ಕರಿಗೋಟು ಅಂತ ದರ್ಜೆ ಪ್ರಕಾರ ಧಾರಣೆಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿತು. ಪತ್ರಿಕೆಯಲ್ಲಿ ಧಾರಣೆ ನೋಡಿ ಚೀಲ ಹೊರಡಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆದದ್ದು ಹೀಗೆ. ಖಾಸಗಿ ವ್ಯಾಪಾರಿಗಳೂ ಆ ಅಂಕಿ ನೋಡಿಯೇ ತಮ್ಮ ದರ ಹೇಳಬೇಕಾಯಿತು. ಮಾಹಿತಿ ಒಬ್ಬನ ಜೇಬಿನಲ್ಲಿ ಇರುವವರೆಗೆ ಬೆಲೆಯೂ ಅವನ ಜೇಬಿನಲ್ಲೇ. ಮೊದಲ ಪಾಠ ಇದು.

ಇನ್ನು ಕೊಕ್ಕೊ ಕಥೆ. ಅಡಿಕೆ ಮರಗಳ ನೆರಳಿನಲ್ಲಿ ಕೊಕ್ಕೊ ಚೆನ್ನಾಗಿ ಬರುತ್ತದೆ. ಚಾಕೊಲೇಟ್ ಕಂಪೆನಿ ಗಿಡ ಕೊಟ್ಟು ಪ್ರೋತ್ಸಾಹಿಸಿತು, ಸಂಶೋಧನಾ ಕೇಂದ್ರದವರು ಬೆಳೆಯುವ ವಿಧಾನ ಹೇಳಿಕೊಟ್ಟರು, 70ರ ದಶಕದಲ್ಲಿ ತೋಟ ತೋಟಕ್ಕೂ ಕೊಕ್ಕೊ ಬಂತು. 1977ರ ಹೊತ್ತಿಗೆ ಜಾಗತಿಕ ಬೆಲೆ ಆಕಾಶಕ್ಕೇರಿತ್ತು. ಆಮೇಲೆ ಇಳಿಯಿತು ನೋಡಿ, 1980ರ ಸುಮಾರಿಗೆ ನೆಲ ಕಚ್ಚಿತು. ಖರೀದಿ ಮಾಡುತ್ತಿದ್ದವರು ಹಿಂದೆ ಸರಿದರು. ಕಾಯಿ ಮರದಲ್ಲಿ ಹಣ್ಣಾಗಿ ನಿಂತಿದೆ, ಕೊಳ್ಳುವವರು ಇಲ್ಲ!

ಇಲ್ಲಿ ಒಂದು ವಿಷಯ ಗಮನಿಸಬೇಕು. ಅಡಿಕೆಯ ಧಾರಣೆ ಬಿದ್ದರೆ ಬೆಳೆಗಾರ ಸ್ವಲ್ಪ ಕಾಯಬಹುದು. ಒಂದೂವರೆ ತಿಂಗಳು ಅಂಗಳದಲ್ಲಿ ಒಣಗಿಸಿ ಚೀಲ ಕಟ್ಟಿ ಇಟ್ಟರೆ ಚಾಲಿ ವರ್ಷಗಟ್ಟಲೆ ಇರುತ್ತದೆ, ಹಳತಾದರೆ ಬೆಲೆಯೂ ಹೆಚ್ಚು. ಕೊಕ್ಕೊ ಹಾಗಲ್ಲ. ಕಾಯಿ ಒಡೆದು ತೆಗೆದ ಹಸಿ ಬೀಜವನ್ನು ತಡಮಾಡದೆ ಹುಳಿ ಬರಿಸಿ ಒಣಗಿಸಬೇಕು, ಇಲ್ಲವಾದರೆ ಹಾಳು. ಒಣಗಿಸಿಟ್ಟರೂ ಮನೆಯಲ್ಲಿ ಮಾಡುವುದೇನು? ಅಡಿಕೆಯನ್ನು ತಿನ್ನುವವರು ಕೋಟಿ ಜನ, ಕೊಕ್ಕೊ ಬೀಜ ಬೇಕಾದದ್ದು ಬೆರಳೆಣಿಕೆಯ ಕಾರ್ಖಾನೆಗಳಿಗೆ. ಕಾಯುವ ಶಕ್ತಿ ಇಲ್ಲದವನಿಗೆ ಚೌಕಾಸಿ ಮಾಡುವ ಶಕ್ತಿಯೂ ಇಲ್ಲ.

ಗುಜರಾತಿನ ಖೇಡಾದಲ್ಲಿ ಇದೇ ಕಥೆ ಮೊದಲೇ ನಡೆದಿತ್ತು. ಅಲ್ಲಿ ಹಾಲು ಕೊಳ್ಳುತ್ತಿದ್ದದ್ದು ಪೋಲ್ಸನ್ ಡೇರಿ. ಹಾಲು ಸಂಜೆಯೊಳಗೆ ಕೆಡುತ್ತದೆ, ಆದ್ದರಿಂದ ಅವರು ಕೊಟ್ಟಷ್ಟು ತೆಗೆದುಕೊಳ್ಳಬೇಕು. 1946ರಲ್ಲಿ ರೈತರು ಹಾಲು ಹಾಕುವುದನ್ನೇ ನಿಲ್ಲಿಸಿದರು, ತ್ರಿಭುವನದಾಸ್ ಪಟೇಲರ ನಾಯಕತ್ವದಲ್ಲಿ ತಮ್ಮದೇ ಸಂಘ ಕಟ್ಟಿದರು. ಮುಂದೆ ಅಮುಲ್ ಆದದ್ದು ಅದೇ.

ಕೊಕ್ಕೊ ಬೆಳೆಗಾರರಿಗಾಗಿ ಕ್ಯಾಂಪ್ಕೊ ಮಾರುಕಟ್ಟೆಗೆ ಇಳಿಯಿತು. ಹಸಿ ಬೀಜ ಖರೀದಿಸಿ, ಸಂಸ್ಕರಿಸಿ, ಹೊರದೇಶಕ್ಕೆ ಕಳಿಸಿತು. ಆದರೆ ಕಚ್ಚಾ ಬೀಜ ಮಾರುವವರೆಗೆ ಜಾಗತಿಕ ಬೆಲೆಯ ಹಿಡಿತ ತಪ್ಪಿದ್ದಲ್ಲ. ಹಾಗಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿದರು. 1986ರಲ್ಲಿ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಅಡಿಕೆ ಬೆಳೆಗಾರರು ಸೇರಿ ಚಾಕೊಲೇಟ್ ಮಾಡುವುದು ಎಂದರೆ ಆ ಕಾಲಕ್ಕೆ ಸಣ್ಣ ಧೈರ್ಯ ಅಲ್ಲ. ತಮ್ಮ ಹೆಸರಿನ ಚಾಕೊಲೇಟ್ ಜೊತೆಗೆ ದೊಡ್ಡ ಕಂಪೆನಿಗಳಿಗೂ ಮಾಡಿ ಕೊಟ್ಟು ಯಂತ್ರಗಳಿಗೆ ಕೆಲಸ ಒದಗಿಸಿದರು. ಕ್ಯಾಂಪ್ಕೊದ ಸುವರ್ಣ ಮಹೋತ್ಸವ 2023ರಲ್ಲಿ ಪುತ್ತೂರಿನಲ್ಲೇ ನಡೆಯಿತು.

ಈಗ ಪುಸ್ತಕದ ಪಾಠಕ್ಕೆ ಬರೋಣ. 1960ರಲ್ಲಿ ಅಮೆರಿಕದ ಜೆರೋಮ್ ಮೆಕಾರ್ಥಿ ಎಂಬ ಪ್ರಾಧ್ಯಾಪಕರು ಮಾರ್ಕೆಟಿಂಗನ್ನು ನಾಲ್ಕು 'ಪಿ'ಗಳಲ್ಲಿ ಹೇಳಿದರು: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರೊಮೋಷನ್. ಅಂದರೆ ಏನು ಮಾರುತ್ತೀರಿ, ಎಷ್ಟಕ್ಕೆ, ಎಲ್ಲಿ, ಜನರಿಗೆ ಹೇಗೆ ತಿಳಿಸುತ್ತೀರಿ. ಮನೆಯಿಂದ ಆನ್‌ಲೈನ್ ಮಾರುವವರಿಗೆ ಇದನ್ನು ನಮ್ಮ ಕಥೆಯ ಜೊತೆ ಇಟ್ಟು ನೋಡಿದರೆ ಹೀಗೆ ಕಾಣುತ್ತದೆ:

1. ವಸ್ತು: ಕೆಡುವುದನ್ನು ಕೆಡದಂತೆ ಮಾಡಿ ಮಾರುವುದು ಅರ್ಧ ಗೆಲುವು. ಹಲಸಿನ ಹಣ್ಣನ್ನು ಕೊರಿಯರಿನಲ್ಲಿ ಕಳಿಸುವುದು ಕಷ್ಟ, ಹಪ್ಪಳ ತಿಂಗಳುಗಟ್ಟಲೆ ಕಾಯುತ್ತದೆ.

2. ಬೆಲೆ: ಹಪ್ಪಳದ ಖರ್ಚು ಎಂದರೆ ಹಲಸು, ಎಣ್ಣೆ ಮಾತ್ರ ಅಲ್ಲ. ಮನೆಯವರ ಕೂಲಿ, ಡಬ್ಬಿ, ಕೊರಿಯರ್, ದಾರಿಯಲ್ಲಿ ಹುಡಿಯಾಗುವ ಹಪ್ಪಳ, ಎಲ್ಲ ಲೆಕ್ಕಕ್ಕೆ ಬರಬೇಕು. ಅಡಿಕೆಯ ಹಾಗೆ ದರ್ಜೆ ಮಾಡಿ, ದರವನ್ನು ಎಲ್ಲರಿಗೂ ಒಂದೇ ಥರ ಹೇಳಿ.

3. ಜಾಗ: ಚಿಕ್ಕಮ್ಮನ ಪ್ರಶ್ನೆ ಇದೇ. ದೊಡ್ಡ ಸೈಟಿಗೆ ದಿನಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ, ನಿಜ. ಆದರೆ ಅಲ್ಲಿ ಗ್ರಾಹಕ ಅವರವನು, ನಿಮ್ಮವನಲ್ಲ. ನಾಳೆ ಕಮಿಷನ್ ಏರಿಸಿದರೆ ಅಥವಾ ನಿಮ್ಮ ಹಪ್ಪಳವನ್ನು ಹತ್ತನೇ ಪುಟಕ್ಕೆ ತಳ್ಳಿದರೆ ಕೇಳುವ ದಾರಿ ಏನು? ಎಲ್ಲವನ್ನೂ ಅವರಿಗೇ ಕೊಟ್ಟವನು 1980ರ ಕೊಕ್ಕೊ ಬೆಳೆಗಾರನ ಸ್ಥಿತಿಯಲ್ಲೇ ಇರುತ್ತಾನೆ.

4. ಪ್ರಚಾರ: ಪ್ರಚಾರ ಎಂದರೆ ಜಾಹೀರಾತೇ ಆಗಬೇಕಿಲ್ಲ. 2021ರಲ್ಲಿ ಬಾಳೆಕಾಯಿಗೆ ಬೆಲೆ ಬಿದ್ದಾಗ 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆಯವರು ಬಾಳೆಕಾಯಿ ಹುಡಿ, ಅಂದರೆ 'ಬಾಕಾಹು' ಪ್ರಯೋಗಕ್ಕೆ ಜನರನ್ನು ಹುರಿದುಂಬಿಸಿದರು. ಅದು ಹಬ್ಬಿದ್ದು ವಾಟ್ಸಾಪ್ ಗುಂಪುಗಳಲ್ಲಿ, ಮಹಿಳೆಯರು ಹಂಚಿಕೊಂಡ ತಿಂಡಿಗಳ ಮೂಲಕ. ಹುಡಿ ಕೊಳ್ಳಿ ಅನ್ನುವ ಮೊದಲು ಅದರಲ್ಲಿ ಏನು ಮಾಡಬಹುದು ಅಂತ ತೋರಿಸಿದರು.

ಇದಕ್ಕೆ ನಾನು ಐದನೆಯದೊಂದು ಸೇರಿಸುತ್ತೇನೆ: ನಂಬಿಕೆ. ಕ್ಯಾಶ್ ಆನ್ ಡೆಲಿವರಿಯನ್ನು ಇಂಟರ್ನೆಟ್ ಕಂಪೆನಿಗಳ ಸಂಶೋಧನೆ ಅಂದುಕೊಂಡವರಿದ್ದಾರೆ. ನಮ್ಮ ಅಂಚೆ ಇಲಾಖೆ 1877ರಲ್ಲೇ ವಿ.ಪಿ.ಪಿ. ಶುರು ಮಾಡಿತ್ತು. ಪುಸ್ತಕ, ಔಷಧಿ ಅಂತ ಎಷ್ಟೋ ಸಾಮಾನು ಹಳ್ಳಿಗಳಿಗೆ ಹಾಗೆ ಬಂದವು. ಪಾರ್ಸೆಲ್ ಕೈಗೆ ಬಂದ ಮೇಲೆ ಪೋಸ್ಟ್‌ಮ್ಯಾನ್ ಹತ್ತಿರ ದುಡ್ಡು ಕೊಡುವುದು. ಮುಖ ನೋಡದವನಿಂದ ಕೊಳ್ಳುವಾಗಿನ ಹೆದರಿಕೆ ಆಗಲೂ ಇತ್ತು, ಈಗಲೂ ಇದೆ.

ಹಾಗಾದರೆ ದೊಡ್ಡ ಸೈಟು ಬೇಡವೇ? ಬೇಡ ಅಂತ ನಾನು ಹೇಳುವುದಿಲ್ಲ. ಕ್ಯಾಂಪ್ಕೊ ಕೂಡ ದೊಡ್ಡ ಕಂಪೆನಿಗಳಿಗೆ ಮಾಡಿ ಕೊಟ್ಟಿತು, ಆದರೆ ತನ್ನ ಹೆಸರನ್ನು ಬಿಟ್ಟುಕೊಡಲಿಲ್ಲ. ಹೊಸ ಗ್ರಾಹಕರು ಸಿಗಲಿಕ್ಕೆ ದೊಡ್ಡ ಸೈಟು ಇರಲಿ, ಡಬ್ಬಿಯ ಮೇಲೆ ನಿಮ್ಮ ಹೆಸರು ಇರಲಿ. ನೇರವಾಗಿ ಕೊಂಡವರ ಫೋನ್ ನಂಬರ್ ಅವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಹಲಸಿನ ಕಾಲಕ್ಕೆ ಮೊದಲು ಅವರಿಗೊಂದು ಮೆಸೇಜ್ ಕಳಿಸಿ. ಊರಿನ ನಾಲ್ಕು ಮನೆಯವರು ಸೇರಿ ಒಂದೇ ಹೆಸರಲ್ಲಿ ಮಾರಿದರೆ ಇನ್ನೂ ಒಳ್ಳೆಯದು, ಕೊರಿಯರಿನವನ ಹತ್ತಿರ ಚೌಕಾಸಿಯಾದರೂ ಮಾಡಬಹುದು!

ಕೊಕ್ಕೊ ಗಿಡ ನಮ್ಮ ತೋಟಗಳಲ್ಲಿ ಇನ್ನೂ ಉಳಿದಿದೆ ಎಂದರೆ ಅದಕ್ಕೆ ಆವತ್ತು ಎರಡನೇ ಕೊಳ್ಳುವವನನ್ನು ನಾವೇ ಹುಟ್ಟಿಸಿಕೊಂಡದ್ದೂ ಒಂದು ಕಾರಣ. ಈಗಿನ ಆನ್‌ಲೈನ್ ಅಂಗಡಿಯವರೂ ಕೇಳಿಕೊಳ್ಳಬೇಕಾದದ್ದು ಅಷ್ಟೇ: ನನ್ನ ಎರಡನೇ ಕೊಳ್ಳುವವ ಯಾರು? ನಿಮ್ಮ ಊರಿನಲ್ಲಿ ಇಂಥ ಕಥೆ ಇದ್ದರೆ ತಿಳಿಸಿ, ಖಂಡಿತ ಓದುತ್ತೇನೆ.