ಬಳ್ಳಾರಿ ರಾಘವ: ಎರಡು ಭಾಷೆಯವರೂ ನಮ್ಮವರೆನ್ನುವ ನಟ

ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ಬಣ್ಣ ಹಚ್ಚಿದ ಬಳ್ಳಾರಿ ರಾಘವ (1880-1946) ದಕ್ಷಿಣ ಭಾರತದ ರಂಗಭೂಮಿಯ ಹಿರಿಯ ನಟರಲ್ಲೊಬ್ಬರು. ಪೂರ್ಣ ಹೆಸರು ತಾಡಿಪತ್ರಿ ರಾಘವಾಚಾರ್ಯ. 1880ರ ಆಗಸ್ಟ್ 2ರಂದು ಈಗಿನ ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ ಜನಿಸಿದರು. ಓದಿ, ವಕೀಲಿ ಮಾಡಿ ನೆಲೆ ನಿಂತದ್ದು ಬಳ್ಳಾರಿಯಲ್ಲಿ. ಹಗಲು ಕೋರ್ಟು, ರಾತ್ರಿ ನಾಟಕ.

ರಂಗದಲ್ಲಿ: ನಾಟಕಕಾರ ಧರ್ಮವರಂ ರಾಮಕೃಷ್ಣಮಾಚಾರ್ಯರು ರಾಘವರ ಸೋದರಮಾವ. ಮನೆಯಲ್ಲೇ ನಾಟಕದ ಗಾಳಿ ಇತ್ತು. ಹಿರಣ್ಯಕಶಿಪು, ದುರ್ಯೋಧನ, ಚಾಣಕ್ಯ, ಕಬೀರ, ಶೇಕ್ಸ್‌ಪಿಯರನ ಒಥೆಲೊ, ಶೈಲಾಕ್ ಹೀಗೆ ಒಂದಕ್ಕೊಂದು ಹೋಲಿಕೆಯಿಲ್ಲದ ಪಾತ್ರಗಳನ್ನು ಅವರು ಮಾಡಿದರು. ವಿಜಯನಗರದ ಪತನದ ಕಥೆಯುಳ್ಳ ಕೋಲಾಚಲಂ ಶ್ರೀನಿವಾಸರಾಯರ ನಾಟಕದಲ್ಲಿ ಅವರ ಪಠಾಣ ರುಸ್ತುಂ ಪಾತ್ರ ಬಹಳ ಹೆಸರಾಯಿತು. ಗಾಂಧೀಜಿ ಅವರು 1927ರಲ್ಲಿ ರಾಘವರ 'ದೀನಬಂಧು ಕಬೀರ' ನಾಟಕ ನೋಡಿ ಮೆಚ್ಚಿದ್ದರು.

ಆಗಿನ ನಾಟಕಗಳಲ್ಲಿ ಹಾರ್ಮೋನಿಯಂ ಜೊತೆ ಪದ್ಯವನ್ನು ಎಳೆದೆಳೆದು ಹಾಡಿ 'ವನ್ಸ್ ಮೋರ್' ಗಿಟ್ಟಿಸುವುದೇ ದೊಡ್ಡ ನಟನ ಲಕ್ಷಣವಾಗಿತ್ತು. ರಾಘವರಿಗೆ ಇದು ಒಪ್ಪಿಗೆಯಾಗಲಿಲ್ಲ. ಮಾತು, ಮೌನ, ಮುಖಭಾವಗಳಲ್ಲೇ ಪಾತ್ರ ನಿಲ್ಲಬೇಕು ಎಂಬುದು ಅವರ ನಿಲುವು. ಸ್ತ್ರೀ ಪಾತ್ರಗಳನ್ನು ಸ್ತ್ರೀಯರೇ ಮಾಡಬೇಕೆಂದು ವಾದಿಸಿ, ಕೊಮ್ಮೂರಿ ಪದ್ಮಾವತಿ ದೇವಿ ಮೊದಲಾದ ವಿದ್ಯಾವಂತ ಮಹಿಳೆಯರನ್ನು ರಂಗಕ್ಕೆ ಕರೆತಂದರು. ನಾಟಕದ ಹೆಣ್ಣುಮಕ್ಕಳನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲವದು.

ತೆರೆಯಲ್ಲಿ: ಸಿನಿಮಾಕ್ಕೆ ಬಂದಾಗ ವಯಸ್ಸು ಐವತ್ತು ದಾಟಿತ್ತು. 'ದ್ರೌಪದಿ ಮಾನಸಂರಕ್ಷಣಂ' (1936) ಚಿತ್ರದಲ್ಲಿ ದುರ್ಯೋಧನ. ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶನದ 'ರೈತು ಬಿಡ್ಡ' (1939) ಚಿತ್ರದಲ್ಲಿ ಜಮೀನ್ದಾರಿ ದಬ್ಬಾಳಿಕೆಗೆ ಸಿಕ್ಕ ರೈತ. ಜಮೀನ್ದಾರರ ವಿರೋಧದಿಂದ ಆ ಚಿತ್ರ ನಿಷೇಧಕ್ಕೂ ಒಳಗಾಯಿತು. 1940ರಲ್ಲಿ 'ಚಂಡಿಕಾ' ಬಂತು. ಚಿತ್ರಗಳು ಕೆಲವೇ, ಅವರ ಕೀರ್ತಿ ನಿಂತಿರುವುದು ನಾಟಕದ ಮೇಲೆ.

ಗಡಿಯ ಮಾತು: ರಾಘವರು 1946ರ ಏಪ್ರಿಲ್ 16ರಂದು ನಿಧನರಾದರು. ಆಗ ಆದೋನಿ, ಆಲೂರು, ರಾಯದುರ್ಗ ಎಲ್ಲವೂ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. 1953ರ ಅಕ್ಟೋಬರ್ 1ರಂದು ಈ ಮೂರು ತಾಲ್ಲೂಕುಗಳು ಆಂಧ್ರಕ್ಕೂ, ಬಳ್ಳಾರಿ ಮೈಸೂರು ರಾಜ್ಯಕ್ಕೂ ಹೋದವು. ಹೀಗಾಗಿ ಹುಟ್ಟಿದ ಊರು ಅತ್ತ, ಹೆಸರಿಗೆ ಅಂಟಿದ ಊರು ಇತ್ತ ಉಳಿಯಿತು. ಬಳ್ಳಾರಿಯ ರಾಘವ ಕಲಾಮಂದಿರ ಅವರ ಹೆಸರನ್ನು ಉಳಿಸಿಕೊಂಡಿದೆ. ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವ ನಮ್ಮ ಕಡೆಯವರಿಗೆ ಅವರು ಯಾವ ಭಾಷೆಯವರು ಎಂಬ ಪ್ರಶ್ನೆ ಏಳುವುದೇ ಇಲ್ಲ.