ಕೂರಿಸುವುದೋ, ಮಾಡಿಸುವುದೋ: ಎಡಿಎಚ್‌ಡಿ ಇರುವ ಮಕ್ಕಳಿಗೆ ಆಕ್ಯುಪೇಷನಲ್ ಥೆರಪಿ

ಆಕ್ಯುಪೇಷನಲ್ ಥೆರಪಿಗೆ ಕನ್ನಡದಲ್ಲಿ ಬಳಕೆಗೆ ಬಂದಿರುವ ‘ಔದ್ಯೋಗಿಕ ಚಿಕಿತ್ಸೆ’ ಎಂಬ ಮಾತು ಓದುಗರನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಉದ್ಯೋಗವೆಂದರೆ ಇಂದು ನಮಗೆ ಸಂಬಳದ ಕೆಲಸ. ಎಂಟು ವರ್ಷದ ಮಗುವಿಗೆ ಅದೆಲ್ಲಿಂದ ಬಂತು? ಆದರೆ ‘ಇವನಿಗೆ ಬೇರೆ ಉದ್ಯೋಗವಿಲ್ಲ’ ಎಂದು ಮನೆಯಲ್ಲಿ ಗೊಣಗುವಾಗ ಅದೇ ಪದದ ಅಗಲವಾದ ಅರ್ಥ ಮರಳಿ ಬರುತ್ತದೆ: ಹೊತ್ತು ತುಂಬುವ, ಕೈಹಾಕಿ ಮಾಡುವ ಯಾವುದೇ ಕೆಲಸ. 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಈ ವೃತ್ತಿಯ ಸಂಘ ಕಟ್ಟಿದವರಿಗೂ, 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಅದನ್ನು ಭಾರತಕ್ಕೆ ತಂದ ಕಮಲಾ ನಿಂಬಕರ್ ಅವರಿಗೂ ಮುಖ್ಯವಾಗಿದ್ದದ್ದು ಈ ಅಗಲವಾದ ಅರ್ಥವೇ. ಮಗುವಿನ ಉದ್ಯೋಗವೆಂದರೆ ಸಮವಸ್ತ್ರ ತೊಡುವುದು, ಬ್ಯಾಗು ಜೋಡಿಸುವುದು, ಬೋರ್ಡು ನೋಡಿ ಬರೆಯುವುದು, ಆಟದಲ್ಲಿ ತನ್ನ ಸರದಿಗೆ ಕಾಯುವುದು. ಎಡಿಎಚ್‌ಡಿಯ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯ, ವಿಷಯದಲ್ಲಿ ಈ ವೃತ್ತಿ ತನ್ನ ಈ ಮೂಲವನ್ನು ಅರ್ಧ ಮರೆತು, ಮಗುವಿನ ನರಮಂಡಲವನ್ನೇ ರಿಪೇರಿ ಮಾಡಲು ಹೊರಟಿತು ಎಂಬುದು, ಲಭ್ಯವಿರುವ ಪುರಾವೆಯು ಅದನ್ನು ಮತ್ತೆ ಕೆಲಸದ ಕಡೆಗೆ, ಕೆಲಸ ನಡೆಯುವ ಜಾಗದ ಕಡೆಗೆ ಕರೆಯುತ್ತಿದೆ ಎಂಬುದು ಈ ಲೇಖನದ ವಾದ.

ರೋಗನಿರ್ಣಯದ ನಿಯಮದಲ್ಲೇ ಈ ವಾದಕ್ಕೆ ಮೊದಲ ಆಧಾರವಿದೆ. ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಗಮನಕ್ಕೆ ಸಂಬಂಧಿಸಿದ 9, ಅತಿಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದ 9 ಲಕ್ಷಣಗಳನ್ನು ಕೊಟ್ಟು, ಮಕ್ಕಳಲ್ಲಿ ಯಾವುದಾದರೊಂದು ಗುಂಪಿನ ಆರಾದರೂ ಆರು ತಿಂಗಳಿನಿಂದ ಇರಬೇಕು ಎನ್ನುತ್ತದೆ. ಲಕ್ಷಣ ಎಣಿಸಿದರಷ್ಟೇ ಸಾಲದು. ಅವು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು, ದಿನದ ನಡವಳಿಕೆಗೆ ತೊಡಕಾಗಿರಬೇಕು. ಅಂದರೆ ತೊಡಕಿಲ್ಲದಿದ್ದರೆ ಕಾಯಿಲೆಯೂ ಇಲ್ಲ. (ಎಲ್ಲರ ಕಣ್ಣಿಗೆ ಬೀಳುವುದು ಕೂತಲ್ಲಿ ಕೂರದ ಹುಡುಗ, ಕಿಟಕಿಯ ಪಕ್ಕ ಸದ್ದಿಲ್ಲದೆ ಕೂತು ಪಾಠ ತಪ್ಪಿಸಿಕೊಳ್ಳುವ ಹುಡುಗಿ ಲೆಕ್ಕಕ್ಕೆ ಸಿಗುವುದು ತಡ.) ಈ ತೊಡಕು ಹೇಗಿರುತ್ತದೆ ಎನ್ನುವುದಕ್ಕೆ ಕನ್ನಡ ಶಾಲೆಯ ಅತಿ ಸಾಮಾನ್ಯ ಕೆಲಸವಾದ ಬೋರ್ಡು ನೋಡಿ ಬರೆಯುವುದನ್ನೇ ತೆಗೆದುಕೊಳ್ಳಬಹುದು. ಕತ್ತೆತ್ತಿ ನೋಡಬೇಕು, ಕಂಡದ್ದನ್ನು ಮನಸ್ಸಿನಲ್ಲಿ ಹಿಡಿಯಬೇಕು, ತಲೆ ಬಗ್ಗಿಸಬೇಕು, ನೋಟ್‌ಬುಕ್ಕಿನಲ್ಲಿ ಬಿಟ್ಟ ಜಾಗ ಹುಡುಕಬೇಕು, ಬರೆಯಬೇಕು, ಮತ್ತೆ ಕತ್ತೆತ್ತಿದಾಗ ಬೋರ್ಡಿನಲ್ಲಿ ನಿಲ್ಲಿಸಿದ ಜಾಗ ಸಿಗಬೇಕು. ‘ರಾಷ್ಟ್ರ’ ಎಂಬಲ್ಲಿ ಷಕಾರಕ್ಕೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ‘ಸೂರ್ಯ’ ಎನ್ನುವಾಗ ರಕಾರವನ್ನು ಮೊದಲು ನುಡಿಯುತ್ತೇವೆ, ಬರೆಯುವಾಗ ಯಕಾರ ಮುಗಿಸಿ ಅರ್ಕಾವತ್ತನ್ನು ಆಮೇಲೆ ಇಡುತ್ತೇವೆ. ನುಡಿಯ ಕ್ರಮ ಒಂದು, ಕೈಯ ಕ್ರಮ ಇನ್ನೊಂದು. ನಡುವಿನ ಕ್ಷಣದಲ್ಲಿ ಅಕ್ಷರವನ್ನು ಹಿಡಿದಿಡುವುದು ಕಾರ್ಯಸ್ಮರಣೆ. ಎಡಿಎಚ್‌ಡಿ ಇರುವ ಅನೇಕ ಮಕ್ಕಳಲ್ಲಿ ದುರ್ಬಲವಾಗಿರುವುದು ಅದೇ. ಇವರಲ್ಲಿ ಅರ್ಧದಷ್ಟು ಮಕ್ಕಳಿಗೆ ಚಲನೆಯ ಹೊಂದಾಣಿಕೆಯ ತೊಂದರೆಯೂ ಜೊತೆಗಿರುತ್ತದೆ ಎಂಬುದನ್ನು ಸೇರಿಸಿದರೆ, ‘ಅಕ್ಷರ ಕೋಳಿಕಾಲು’ ಎಂಬ ಬೈಗುಳದ ಹಿಂದೆ ಎಷ್ಟು ಸಂಗತಿಗಳಿವೆ ಎಂದು ತಿಳಿಯುತ್ತದೆ.

ಇಂಥ ಮಗು ಥೆರಪಿ ಕೇಂದ್ರಕ್ಕೆ ಬಂದಾಗ ಸಾಮಾನ್ಯವಾಗಿ ಮೊದಲು ಎದುರಾಗುವುದು ನೋಟ್‌ಬುಕ್ಕಲ್ಲ, ಉಯ್ಯಾಲೆ. ಇದರ ಹಿಂದಿರುವುದು ಅಮೆರಿಕದ ಎ. ಜೀನ್ ಏಯರ್ಸ್ ಅವರ ಸಂವೇದನಾ ಸಮನ್ವಯ ಸಿದ್ಧಾಂತ. ಒಳಗಿವಿಯ ಸಮತೋಲನ, ಸ್ನಾಯು ಮತ್ತು ಕೀಲುಗಳ ಅರಿವು, ಸ್ಪರ್ಶ ಇವುಗಳಿಂದ ಬರುವ ಸುದ್ದಿಯನ್ನು ಮಿದುಳು ಸರಿಯಾಗಿ ಜೋಡಿಸಿಕೊಳ್ಳದಿದ್ದರೆ ಕಲಿಕೆ ಕೆಡುತ್ತದೆ, ಆ ಜೋಡಣೆಯನ್ನು ತಿದ್ದಿದರೆ ಮೇಲಿನದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬುದು 1972ರ ಅವರ ಪುಸ್ತಕದ ತಿರುಳು. ಅವರು ಮುಖ್ಯವಾಗಿ ಕಲಿಕೆಯ ತೊಂದರೆಯ ಮಕ್ಕಳನ್ನು ಕುರಿತು ಬರೆದಿದ್ದರು; ಆಮೇಲೆ ಅದು ಹಲವು ತೊಂದರೆಗಳಿಗೆ ಒಂದೇ ಮದ್ದಾಯಿತು. ಕಲ್ಪನೆ ಚೆಲುವಾಗಿದೆ, ಮಕ್ಕಳಿಗೆ ಉಯ್ಯಾಲೆ ಇಷ್ಟವೂ ಹೌದು. ಆದರೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2012ರ ತನ್ನ ಹೇಳಿಕೆಯಲ್ಲಿ, ಸಂವೇದನಾ ಸಂಸ್ಕರಣೆಯ ತೊಂದರೆಯನ್ನು ಪ್ರತ್ಯೇಕ ರೋಗವೆಂದು ಹೆಸರಿಸಬಾರದು, ಈ ಚಿಕಿತ್ಸೆಯ ಪರಿಣಾಮದ ಬಗೆಗಿನ ಸಂಶೋಧನೆ ಸೀಮಿತ ಮತ್ತು ಅನಿರ್ಣೀತ ಎಂಬುದನ್ನು ತಂದೆತಾಯಿಗೆ ತಿಳಿಸಬೇಕು ಎಂದು ವೈದ್ಯರಿಗೆ ಸೂಚಿಸಿತು. ಇದೇ ಸಿದ್ಧಾಂತದ ಹೆಸರಿನಲ್ಲಿ ಮಗುವಿಗೆ ಭಾರದ ಜಾಕೆಟ್ ತೊಡಿಸುವ ಪ್ರಯೋಗಗಳ ಫಲಿತಾಂಶವೂ ಒಂದೇ ದಿಕ್ಕಿನಲ್ಲಿಲ್ಲ.

ಹಾಗೆಂದು ಚಲನೆಯನ್ನೇ ತಳ್ಳಿಹಾಕುವುದು ಆತುರವಾದೀತು. 2003ರಲ್ಲಿ ಶಿಲ್ಲಿಂಗ್ ಮತ್ತು ಸಂಗಡಿಗರು ನಾಲ್ಕನೇ ತರಗತಿಯ ಮೂವರು ಮಕ್ಕಳನ್ನು ಕುರ್ಚಿಯ ಬದಲು ಥೆರಪಿ ಚೆಂಡಿನ ಮೇಲೆ ಕೂರಿಸಿ ನೋಡಿದರು. ಎದ್ದು ಓಡುವುದು ಕಡಿಮೆಯಾಯಿತು, ಓದಬಲ್ಲಂತೆ ಬರೆದ ಪದಗಳು ಹೆಚ್ಚಾದವು. ಮೂವರ ಮೇಲಿನ ಪ್ರಯೋಗ ದೊಡ್ಡ ಮಾತಿಗೆ ಸಾಲದು, ನಿಜ. ಆದರೆ 2015ರಲ್ಲಿ ಸಾರ್ವರ್, ರ‍್ಯಾಪೋರ್ಟ್ ಮುಂತಾದವರು 8ರಿಂದ 12 ವರ್ಷದ ಹುಡುಗರ ಮೇಲೆ ನಡೆಸಿದ ಅಧ್ಯಯನ ಇದಕ್ಕೆ ಬೇರೆಯೇ ಬೆಳಕು ಕೊಡುತ್ತದೆ. ಎಡಿಎಚ್‌ಡಿ ಇರುವ ಹುಡುಗರು ಹೆಚ್ಚು ಮಿಸುಕಾಡಿದಾಗ ಕಾರ್ಯಸ್ಮರಣೆಯ ಪರೀಕ್ಷೆಯಲ್ಲಿ ಮೇಲಾದರು. ಉಳಿದ ಹುಡುಗರು ಹೆಚ್ಚು ಮಿಸುಕಾಡಿದಾಗ ಹಿಂದೆ ಬಿದ್ದರು. ಹಾಗಾದರೆ ಚೆಂಡು ಮಾಡಿದ್ದು ಒಳಗಿವಿಯ ದುರಸ್ತಿಯೆಂದು ಹೇಳಬೇಕಾದ ಅಗತ್ಯವಿಲ್ಲ. ಮಿಸುಕಾಡುತ್ತಲೇ ಬರೆಯಲು ಅದು ಅವಕಾಶ ಕೊಟ್ಟಿತು ಎಂದರೆ ಸಾಕು. ಮೊದಲ ವಿವರಣೆ ಹಿಡಿದರೆ ಮಗುವನ್ನು ಶಾಲೆ ಬಿಡಿಸಿ ವಾರಕ್ಕೆರಡು ಸಲ ಕೇಂದ್ರಕ್ಕೆ ಕರೆದೊಯ್ದು ತೂಗಬೇಕು. ಎರಡನೆಯದನ್ನು ಹಿಡಿದರೆ ಮಗು ನಿಂತು ಬರೆಯಲಿ ಎಂದು ಮೇಷ್ಟ್ರಿಗೆ ಹೇಳಬೇಕು.

ಕೆಲಸವನ್ನೇ ಹಿಡಿದು ನಡೆಯುವ ಥೆರಪಿಯ ಮಾದರಿಗಳೂ ಇವೆ. ಕೆನಡಾದಲ್ಲಿ ಪೊಲಟಾಯ್ಕೊ ಮತ್ತು ಮ್ಯಾಂಡಿಚ್ ರೂಪಿಸಿದ ಕೋ-ಆಪ್ ಪದ್ಧತಿ ಮೊದಲು ಚಲನೆಯ ತೊಂದರೆಯ ಮಕ್ಕಳಿಗಾಗಿ ಹುಟ್ಟಿತು. ಮಗು ತಾನೇ ಒಂದು ಗುರಿ ಆರಿಸುತ್ತದೆ, ಹೇಗೆಂದು ಯೋಚಿಸುತ್ತದೆ, ಮಾಡುತ್ತದೆ, ಆಯಿತೋ ಇಲ್ಲವೋ ಎಂದು ನೋಡುತ್ತದೆ. ಥೆರಪಿಸ್ಟ್ ಉತ್ತರ ಹೇಳಿಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಇದೇ ದಾರಿಯಲ್ಲಿ ಎಡಿಎಚ್‌ಡಿಗೆಂದೇ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಮಾಯಿರ್, ಹಾನ್-ಮಾರ್ಕೋವಿಟ್ಜ್ ತಂಡ ‘ಕಾಗ್-ಫನ್’ ಕಟ್ಟಿತು. ಅದರಲ್ಲಿ ತಂದೆಯೋ ತಾಯಿಯೋ ಮಗುವಿನ ಜೊತೆ ಕೂರುತ್ತಾರೆ. ಯಾದೃಚ್ಛಿಕ ಪ್ರಯೋಗದಲ್ಲಿ ತಂದೆತಾಯಿ ಸುಧಾರಣೆ ಕಂಡರು, ಶಿಕ್ಷಕರು ಕಾಣಲಿಲ್ಲ. ಇದನ್ನು ಸೋಲೆಂದು ಓದುವವರಿದ್ದಾರೆ. ನನಗೆ ಅನ್ನಿಸುವುದು, ಕಲಿತದ್ದು ಕಲಿತ ಜಾಗದಲ್ಲೇ ಉಳಿಯುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಫಲಿತಾಂಶ ಸಿಗುವುದು ಕಷ್ಟ. ಕಂಪ್ಯೂಟರಿನ ಮೇಲೆ ಕಾರ್ಯಸ್ಮರಣೆಯ ತರಬೇತಿ ಕೊಡುವ ಪ್ರಯೋಗಗಳನ್ನು 2013ರಲ್ಲಿ ಒಟ್ಟಿಗೆ ಪರಿಶೀಲಿಸಿದ ಮೆಲ್ಬಿ-ಲೆರ್ವಾಗ್ ಮತ್ತು ಹ್ಯೂಮ್ ಕಂಡದ್ದೂ ಇದನ್ನೇ: ಅಭ್ಯಾಸ ಮಾಡಿಸಿದಂಥ ಆಟದಲ್ಲಿ ಮಕ್ಕಳು ಚುರುಕಾದರು, ಓದಿಗೂ ಲೆಕ್ಕಕ್ಕೂ ಅದು ಹರಿದು ಬರಲಿಲ್ಲ. ಎಡಿಎಚ್‌ಡಿಯ ಸಂಶೋಧಕ ರಸೆಲ್ ಬಾರ್ಕ್ಲಿ ಬಹಳ ಹಿಂದಿನಿಂದ ಹೇಳುತ್ತ ಬಂದಂತೆ, ಈ ಮಕ್ಕಳಿಗೆ ಏನು ಮಾಡಬೇಕೆಂದು ತಿಳಿಯದೆಂದಲ್ಲ. ತಿಳಿದದ್ದು ಮಾಡುವ ಹೊತ್ತಿಗೆ ಒದಗುವುದಿಲ್ಲ.

ಇಲ್ಲಿ ಎರಡು ಗಟ್ಟಿ ಆಕ್ಷೇಪಗಳಿವೆ. ಒಂದು, ಮಾತ್ರೆ ಇರುವಾಗ ಇಷ್ಟೆಲ್ಲ ಯಾಕೆ? 7ರಿಂದ 9 ವರ್ಷದ 579 ಮಕ್ಕಳನ್ನು 14 ತಿಂಗಳು ಗಮನಿಸಿ 1999ರಲ್ಲಿ ಪ್ರಕಟವಾದ ಎಂಟಿಎ ಅಧ್ಯಯನದಲ್ಲಿ, ಮೂಲ ಲಕ್ಷಣಗಳ ಮಟ್ಟಿಗೆ ಎಚ್ಚರದಿಂದ ಕೊಟ್ಟ ಔಷಧಿ ಬರೀ ನಡವಳಿಕೆಯ ತರಬೇತಿಗಿಂತ ಮೇಲಾಯಿತು. ಇದನ್ನು ಅಲ್ಲಗಳೆಯುವ ಥೆರಪಿಸ್ಟರನ್ನು ನಂಬಬಾರದು. ಆದರೆ ಮೂರನೇ ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಅಂತರ ಅಳಿಸಿಹೋಗಿತ್ತು. ಮಾತ್ರೆ ಗಮನವನ್ನು ನಿಲ್ಲಿಸಿಕೊಡಬಹುದು, ನಾಳೆಯ ಟೈಮ್‌ಟೇಬಲ್ ನೋಡಿ ಬ್ಯಾಗು ಜೋಡಿಸುವುದನ್ನು ಕಲಿಸದು. ಎರಡನೆಯ ಆಕ್ಷೇಪ ಇನ್ನೂ ಹರಿತ. 2013ರಲ್ಲಿ ಸೊನುಗಾ-ಬಾರ್ಕ್ ಮತ್ತು ಸಂಗಡಿಗರು ಔಷಧೇತರ ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ಯಾವ ಮಗುವಿಗೆ ಚಿಕಿತ್ಸೆ ಸಿಕ್ಕಿದೆಯೆಂದು ತಿಳಿಯದವರು ಅಳೆದಲ್ಲಿ ನಡವಳಿಕೆಯ ಚಿಕಿತ್ಸೆಯ ಫಲ ಬಹುಮಟ್ಟಿಗೆ ಕರಗಿತು. ಉಯ್ಯಾಲೆಯಿಂದ ಮಗು ಶಾಂತವಾಯಿತೆನ್ನುವ ತಂದೆತಾಯಿಯ ಮಾತಿಗೂ, ಮೇಲೆ ಹೇಳಿದ ಕಾಗ್-ಫನ್ ಪೋಷಕರ ಮಾತಿಗೂ ಈ ಅನುಮಾನ ಸಮನಾಗಿ ತಟ್ಟುತ್ತದೆ; ನನ್ನ ಓದಿಗೆ ಅನುಕೂಲವೆಂದು ಅದನ್ನು ಬಿಟ್ಟುಕೊಡುವಂತಿಲ್ಲ. ಆದರೆ ಅಲ್ಲಿ ಅಳೆದದ್ದು ಲಕ್ಷಣಗಳನ್ನು. ಮುಂದಿನ ವರ್ಷ ಡೇಲಿ ಮತ್ತಿತರರು ಅದೇ ಬಗೆಯ ಪರಿಶೀಲನೆಯಲ್ಲಿ ತಂದೆತಾಯಿಯ ವರ್ತನೆ, ಮಗುವಿನ ಹಟಮಾರಿತನ ಇವನ್ನು ಅಳೆದಾಗ ಫಲ ಉಳಿದುಕೊಂಡಿತು. ಲಕ್ಷಣ ಇಳಿಸುವ ಭರವಸೆ ಕೊಟ್ಟು ಫೀಸು ಪಡೆಯುವ ಥೆರಪಿ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಒಂದು ಕೆಲಸವನ್ನು ಆಗಮಾಡಿಸುತ್ತೇನೆ ಎನ್ನುವ ಥೆರಪಿಗೆ ಇನ್ನೂ ನ್ಯಾಯವಾದ ಪರೀಕ್ಷೆಯೇ ಬೇಕು.

ತರಗತಿಯಲ್ಲಿ ಐವತ್ತು ಮಕ್ಕಳಿರುವ ಮೇಡಂಗೆ ಇದೆಲ್ಲ ಎಲ್ಲಿ ಸಾಧ್ಯ ಎಂಬ ಮಾತನ್ನು ಹಗುರವಾಗಿ ಕಾಣುವಂತಿಲ್ಲ. 2018ರ ಬ್ರಿಟನ್ನಿನ ನೈಸ್ ಮಾರ್ಗಸೂಚಿ ಸುತ್ತಲಿನ ವಾತಾವರಣ ಬದಲಿಸಿ ನೋಡಿದ ಮೇಲೂ ತೊಡಕು ಉಳಿದರೆ ಔಷಧಿಗೆ ಹೋಗಿ ಎನ್ನುತ್ತದೆ. ಅಲ್ಲಿನ ತರಗತಿ ಬೇರೆ. ನಮ್ಮಲ್ಲಿ 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ತಪಾಸಣೆಯ ಪಟ್ಟಿಯಲ್ಲಿ ಎಡಿಎಚ್‌ಡಿಯನ್ನು ಹೆಸರಿಸುತ್ತದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದು ಇಲ್ಲ. ಹೀಗಾಗಿ ಶಾಲೆಯ ಮುಂದೆ ಥೆರಪಿಸ್ಟರ ಕೈಯಲ್ಲಿ ಉಳಿಯುವುದು ಹೆಚ್ಚಿನ ಪಾಲು ಒಂದು ಚೀಟಿ. ಅದರಲ್ಲಿ ‘ಸಂವೇದನಾ ಆಹಾರ’ದಂಥ ಪದಗಳಿದ್ದರೆ ಅದು ಮೇಡಂ ಮೇಜಿನ ಡ್ರಾಯರಿನಲ್ಲೇ ಉಳಿಯುತ್ತದೆ. ‘ಮೊದಲ ಬೆಂಚಿನಲ್ಲಿ ಕೂರಿಸಿ, ಬೋರ್ಡಿನ ಸಾಲುಗಳಿಗೆ ನಂಬರ್ ಹಾಕಿ, ಮೂರು ಸಾಲು ಬರೆದ ಮೇಲೆ ಡಸ್ಟರ್ ಹಿಡಿಸಿ ಎಬ್ಬಿಸಿ’ ಎಂದಿದ್ದರೆ ಐವತ್ತು ಮಕ್ಕಳ ನಡುವೆಯೂ ಅಷ್ಟು ಮಾಡಬಹುದು. ಮೂರು ವಾರದ ಬಳಿಕ ಅದೇ ನೋಟ್‌ಬುಕ್ ತೆರೆದು, ಎಷ್ಟು ಸಾಲು ಪೂರ್ತಿಯಾಗಿವೆ, ‘ಸೂರ್ಯ’ದ ಅರ್ಕಾವತ್ತು ತನ್ನ ಜಾಗದಲ್ಲಿ ಬಿದ್ದಿದೆಯೇ ಎಂದು, ಆ ಮಗುವನ್ನು ಕಂಡೇ ಇರದ ಇನ್ನೊಬ್ಬ ಶಿಕ್ಷಕರಿಂದ ಎಣಿಸಿ ನೋಡಬಹುದು.